ಬಂಗೇರರ ಎಡಗಾಲು

ಕಳೆದ ಭಾನುವಾರ ಸಂಜೆ, ಒಂಟಿಯಾಗಿದ್ದ ತನ್ನ ಕಾಲುಚೀಲಕ್ಕೆ ಜೋಡಿ ಹುಡುಕಲು ಚಪ್ಪಲಿ ಗೂಡಿನ ಹಿಂದೆ ಕೈ ಹಾಕಿದ ನನ್ನ ಮಗಳು ಅಲ್ಲಿಂದ ಒಂದು ಚೆಂಡನ್ನು ಹಿಡಿದುಕೊಂಡು ಬಂದಳು. ಒಂದು ಕಾಲದಲ್ಲಿ ಬೆಳ್ಳಗಿದ್ದು ಈಗ ಕಾಫಿ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿದ ಚೆಂಡು. ಸುತ್ತಲೂ ಕೆಂಪು ದಾರದ ಹೊಲಿಗೆ, ಒಂದು ಪಕ್ಕದಲ್ಲಿ ಹುಲ್ಲಿನ ಹಸಿರು ಕಲೆ.

"ಅಪ್ಪಾ, ಇದು ಯಾರ್ದು? ಬಿಸಾಕ್ಲಾ? ಯೂಸೇ ಇಲ್ಲ ಲಾ."

ಮಗಳಿಗೆ ಹದಿನೈದು ವರ್ಷ. ನಾಲ್ಕನೇ ವಯಸ್ಸಿಗೆ ಸಿಂಗಪುರಕ್ಕೆ ಬಂದವಳು. ಅವಳ ಕನ್ನಡದ ವಾಕ್ಯಗಳು ಮೈಸೂರಿನಲ್ಲಿ ಶುರುವಾಗಿ ಇಲ್ಲಿನ ಬೂನ್ ಲೇಯಲ್ಲಿ ಮುಗಿಯುತ್ತವೆ. ನಾನು ಸೋಫಾದಿಂದ ಏಳದೆಯೇ ಕೈ ಚಾಚಿ ಚೆಂಡನ್ನು ಇಸಿದುಕೊಂಡು ಮೂಸಿದೆ. ಹಳೆಯ ತೊಗಲು, ಬೂಟ್ ಪಾಲಿಶ್, ಅದರಡಿಯಲ್ಲಿ ಒಂದಿಷ್ಟು ಕಿತ್ತಳೆ ಹಣ್ಣು. ಕಿತ್ತಳೆಯ ವಾಸನೆ ಹನ್ನೊಂದು ವರ್ಷ ಉಳಿಯಲು ಸಾಧ್ಯವೇ ಇಲ್ಲ ಎಂದು ನೀವು ಹೇಳಬಹುದು. ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ಅಪ್ಪನೂ ಹಾಗೇ ಹೇಳುತ್ತಾರೆ. ಆದರೆ ಮೂಗು ನನ್ನದು.

ಎದುರಿಗೆ ಟಿ.ವಿ.ಯಲ್ಲಿ ಕ್ರಿಕೆಟ್ ಮ್ಯಾಚು ನಡೆಯುತ್ತಿತ್ತು. ಧ್ವನಿಯನ್ನು ಪೂರ್ತಿ ಇಳಿಸಿದ್ದೆ. ನಮ್ಮ ಮನೆಯಲ್ಲಿ ಕ್ರಿಕೆಟ್ ಯಾವಾಗಲೂ ಮೂಕವಾಗಿಯೇ ನಡೆಯುತ್ತದೆ, ಮತ್ತು ಅದಕ್ಕೆ ಅಪ್ಪನೇ ಕಾರಣ.

ಅಪ್ಪ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ವಿಜ್ಞಾನ ಕಲಿಸಿದವರು. ಬೆಕ್ಕು ಅಡ್ಡ ಬಂತೆಂದು ನಿಲ್ಲುವವರನ್ನು ಕಂಡರೆ ನಗುತ್ತಿದ್ದರು. ಬೇಕೆಂದೇ ರಾಹುಕಾಲದಲ್ಲಿ ಹೋಗಿ ಸ್ಕೂಟರ್ ತಂದರು. ಗ್ರಹಣದ ಹೊತ್ತಿನಲ್ಲಿ ಬೀದಿಗೆಲ್ಲ ಕಾಣುವಂತೆ ಜಗುಲಿಯ ಮೇಲೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಇಂಥವರು ಕ್ರಿಕೆಟ್ ಶುರುವಾದರೆ ಮಾತ್ರ ಬೇರೆಯೇ ಮನುಷ್ಯರಾಗುತ್ತಿದ್ದರು. ನಮ್ಮವರು ಚೆನ್ನಾಗಿ ಆಡುತ್ತಿರುವಾಗ ಯಾರೂ ಕೂತ ಜಾಗ ಬಿಟ್ಟು ಏಳುವ ಹಾಗಿಲ್ಲ. ಕಾಲು ಜೋಮು ಹಿಡಿದರೂ ಸರಿ, ಬಾಗಿಲಲ್ಲಿ ಪೋಸ್ಟ್‌ಮನ್ ನಿಂತು ಕೂಗುತ್ತಿದ್ದರೂ ಸರಿ, ಕೂತಲ್ಲೇ ಕೂತಿರಬೇಕು. ಈ ಕಾಯಿದೆ ನಿಮ್ಮ ಮನೆಯಲ್ಲೂ ಇದ್ದಿರುತ್ತದೆ, ಹೆಚ್ಚು ವಿವರಿಸಬೇಕಾಗಿಲ್ಲ.

ನನ್ನ ವಿಷಯದಲ್ಲಿ ಇನ್ನೊಂದು ವಿಶೇಷ ಕಾಯಿದೆ ಇತ್ತು. ನನಗೆ ಎಂಟು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಂದು ಟಿ.ವಿ. ಇದ್ದ ಕೋಣೆಯಲ್ಲಿ ಚೀಲ ಕೆಳಗಿಟ್ಟೆ, ಅಷ್ಟೇ. ಚೆನ್ನಾಗಿ ಆಡುತ್ತಿದ್ದ ನಮ್ಮ ಬ್ಯಾಟ್ಸ್‌ಮನ್ ಔಟಾದ. ಅಪ್ಪ ತಿರುಗಿ ನನ್ನನ್ನು ನೋಡಿದರು. ಮುಂದಿನ ಮ್ಯಾಚಿನಲ್ಲಿ ನೀರು ಕುಡಿಯಲು ಆ ಕೋಣೆ ದಾಟಿದೆ, ಇನ್ನೊಬ್ಬ ಔಟಾದ. ಮೂರನೆಯ ಸಲ ಅಪ್ಪನೇ ಪರೀಕ್ಷೆ ಮಾಡಲು ಕರೆದರು. "ಬಾ ಇಲ್ಲಿ, ಬಾಗಿಲ ಹತ್ರ ಸುಮ್ನೆ ನಿಂತ್ಕೋ." ನಿಂತೆ. ಮರುಚೆಂಡಿಗೆ ಸ್ಟಂಪು ಹಾರಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಒಂದ್ಸಲ ಆದ್ರೆ ಆಕಸ್ಮಿಕ ಅನ್ಬಹುದು. ಮೂರನೇ ಸಲಾನೂ ಆಯ್ತಲ್ಲ, ಇನ್ನು ನಿಯಮ ಅಂತಾನೇ ತಿಳ್ಕೋಬೇಕು" ಎಂದರು. ಅಜ್ಜಿ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು. "ಪಾಪ, ಮಗೂನ ಕಾಲ್ಗುಣ."

ಅಂದಿನಿಂದ ಮ್ಯಾಚು ಬಿಗಿಯಾದ ಕೂಡಲೇ ನನ್ನನ್ನು ಅಡುಗೆಮನೆಗೆ ಅಟ್ಟುತ್ತಿದ್ದರು. ಅಮ್ಮ ಮೊರ ಮುಂದಿಟ್ಟು, "ಬಾ, ಇನ್ನೂ ಹತ್ತು ಓವರಿನಷ್ಟು ಅವರೆಕಾಯಿ ಇದೆ" ಎನ್ನುತ್ತಿದ್ದಳು. ಹೀಗಾಗಿ ಗೋಡೆಯ ಈಚೆ ಕೂತು ಸದ್ದಿನಿಂದಲೇ ಆಟ ತಿಳಿಯುವುದನ್ನು ನಾನು ಕಲಿತೆ. ಫೋರ್ ಆದರೆ ಒಂದು ಕೂಗು, ಹಿಂದೆಯೇ ಮಾತು. ಸಿಕ್ಸ್ ಆದರೆ ಕೂಗಿನ ಜೊತೆಗೆ ಅಪ್ಪನ ಬೆತ್ತದ ಕುರ್ಚಿ ಕರ್ರೆಂದು ಹಿಂದೆ ಸರಿಯುವ ಸದ್ದು. ಔಟಾದರೆ ಮೌನ, ಆಮೇಲೆ "ಅವನೇನಾದ್ರೂ ಇಣುಕಿದ್ನಾ ನೋಡೇ" ಎಂದು ಅಮ್ಮನಿಗೆ ಪ್ರಶ್ನೆ. ನಮ್ಮವರ ಎಷ್ಟೋ ಗೆಲುವುಗಳನ್ನು ನಾನು ಕೇಳಿದ್ದೇನೆ, ಒಂದನ್ನೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಕ್ರಿಕೆಟ್ಟಿನ ಹುಚ್ಚೇನೂ ಇರಲಿಲ್ಲ. ಅಪ್ಪನ ಪಕ್ಕದಲ್ಲಿ ಕೂತು ನಮ್ಮ ಕಡೆಯವರು ಗೆಲ್ಲುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಇತ್ತು. ಮೊರದ ಮುಂದೆ ಕೂತು ಎಷ್ಟೋ ಸಲ ಅತ್ತಿದ್ದೇನೆ. ಈರುಳ್ಳಿ ಹೆಚ್ಚುತ್ತಿದ್ದ ದಿನಗಳಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಸಿಂಗಪುರಕ್ಕೆ ಬಂದಾಗ ಮೊದಲ ಆರು ತಿಂಗಳು ನಾನೊಬ್ಬನೇ ಇದ್ದೆ. ಆಫೀಸು ಚಾಂಗಿ ಬಿಸಿನೆಸ್ ಪಾರ್ಕಿನಲ್ಲಿ, ಬಾಡಿಗೆ ರೂಮು ಕ್ಲೆಮೆಂಟಿಯಲ್ಲಿ. ಒಂದು ಊರಿನ ಪೂರ್ವ, ಇನ್ನೊಂದು ಪಶ್ಚಿಮ. ಮೈಸೂರಿನಲ್ಲಿ ಕೂತು ಮ್ಯಾಪ್ ನೋಡಿದಾಗ ಇಡೀ ದೇಶವೇ ಅಂಗೈಯಷ್ಟಿದೆ, ಎಲ್ಲಿ ಮಲಗಿದರೇನು, ಎಲ್ಲಿ ಕೆಲಸ ಮಾಡಿದರೇನು ಎಂದು ಧೈರ್ಯವಾಗಿ ಬುಕ್ ಮಾಡಿದ್ದೆ. ದಿನಾ ಎರಡೂವರೆ ಗಂಟೆ ಎಮ್‌ಆರ್‌ಟಿ ರೈಲಿನಲ್ಲಿ ನಿಂತ ಮೇಲೆ, ಅಂಗೈಗೂ ಈ ತುದಿ ಆ ತುದಿ ಎಂದು ಇರುತ್ತದೆ ಎಂಬುದು ಅರ್ಥವಾಯಿತು.

ರೂಮಿನ ಒಡತಿ ಸ್ವೀ ಆಂಟಿ. ಚೀನೀ ಹೆಂಗಸು, ಅರವತ್ತಾರು ವರ್ಷ, ಶಾಲೆಯಲ್ಲಿ ಆಟದ ಟೀಚರಾಗಿ ರಿಟೈರ್ ಆದವರು. ಕುತ್ತಿಗೆಯಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು. "ಲೈಟ್ ಕುಕಿಂಗ್ ಓನ್ಲಿ" ಎಂಬುದು ಅವರ ಮನೆಯ ಮೊದಲ ನಿಯಮ, ಮತ್ತು ಒಗ್ಗರಣೆ ಲೈಟೋ ಹೆವಿಯೋ ಎಂಬ ಬಗ್ಗೆ ನಮ್ಮಿಬ್ಬರಿಗೂ ಕೊನೆಯವರೆಗೆ ಒಮ್ಮತವಾಗಲಿಲ್ಲ. ಅವರು ಸಿಂಗಪುರದ ಇಂಗ್ಲಿಷಿನಲ್ಲಿ ಆಡಿದ್ದನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಲಾ" ಒಂದನ್ನು ಇದ್ದ ಹಾಗೇ ಬಿಟ್ಟಿದ್ದೇನೆ, ಅದಕ್ಕೆ ಕನ್ನಡ ನನಗೆ ಇನ್ನೂ ಸಿಕ್ಕಿಲ್ಲ.

ಪಕ್ಕದ ರೂಮಿನಲ್ಲಿ ಬಂಗೇರರು ಇದ್ದರು. ಉಡುಪಿಯ ಕಡೆಯವರು, ಜುರಾಂಗಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸುವ ಕೆಲಸ. ನಲವತ್ತೆರಡು ವರ್ಷ, ದುಂಡಗಿನ ಮೈ, ಅದಕ್ಕೆ ಹೊಂದದ ಚುರುಕಾದ ಕೈ. ತರುಣರಾಗಿದ್ದಾಗ ಕರಾವಳಿಯ ಅಂಡರ್ ಆರ್ಮ್ ಕ್ರಿಕೆಟ್ ಟೂರ್ನಮೆಂಟುಗಳಲ್ಲಿ ಹೆಸರು ಮಾಡಿದ್ದರಂತೆ. ನನ್ನ ಜೊತೆ ಮಾತಾಡುವಾಗ ಬೆಂಗಳೂರಿನ ಕನ್ನಡವನ್ನು ಇಸ್ತ್ರಿ ಮಾಡಿ ತೊಟ್ಟುಕೊಳ್ಳುತ್ತಿದ್ದರು. ಖುಷಿಯೋ ಗಾಬರಿಯೋ ಆದರೆ ಅದು ಜಾರಿ ಬಿದ್ದು ಒಳಗಿನ ಉಡುಪಿ ಕಾಣಿಸುತ್ತಿತ್ತು.

ಒಂದು ದಿನ ಆಂಟಿ ಮೂರನೇ ಮಹಡಿಯಲ್ಲಿ ಬಾಗಿಲೆದುರು ನಿಂತಾಗ ಬೀಗದ ಕೈ ಕಟ್ಟಡದ ಕೆಳಗಿನ ತೆರೆದ ಜಾಗವಾದ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಮೇಲೆ ಮರೆತದ್ದು ನೆನಪಾಯಿತು. ಕೆಳಗಿದ್ದ ಬಂಗೇರರು "ಹಿಡೀರಿ ಆಂಟಿ" ಎಂದು ಗೊಂಚಲನ್ನು ಅಲ್ಲಿಂದಲೇ ಎಸೆದರು. ಅದು ಮೂರು ಮಹಡಿ ಏರಿ ನೇರವಾಗಿ ಆಂಟಿಯ ಕೈಗೆ ಬಂತು. ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳುತ್ತಿದ್ದರು. ಆಂಟಿ ಸೀಟಿ ಊದಿ, "ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ರೆಡಿ ಇರು" ಎಂದರು.

ಆಂಟಿಯದೊಂದು ಬೇಸ್‌ಬಾಲ್ ತಂಡವಿತ್ತು, ಬೂನ್ ಲೇ ಮೈನಾಸ್. ಹಾಕರ್ ಸೆಂಟರಿನ ಊಟದಂಗಡಿಗಳ ಮೇಜುಗಳ ಮೇಲೆ ನಮ್ಮ ತಟ್ಟೆಯ ಅನ್ನ ಕದಿಯುವ ಮೈನಾ ಹಕ್ಕಿಗಳ ಹೆಸರು. ಆಂಟಿಯ ಹಳೆಯ ವಿದ್ಯಾರ್ಥಿಗಳು, ಅಕ್ಕಪಕ್ಕದ ಕಾರ್ಖಾನೆಯವರು, ಎಲ್ಲ ಸೇರಿ ಹನ್ನೊಂದು ಜನ. ಭಾನುವಾರದ ಒಂದು ಸಣ್ಣ ಲೀಗಿನಲ್ಲಿ ಆಡುತ್ತಿದ್ದರು. ತಂಡಕ್ಕೆ ಅಭಿಮಾನಿಗಳು ಯಾರೂ ಇರಲಿಲ್ಲ. ನಾನು ಆ ಹುದ್ದೆಗೆ ತಕ್ಷಣ ಸೇರಿಕೊಂಡೆ. ಹೊಸ ದೇಶ, ಹೊಸ ಆಟ. ನನ್ನ ಕಾಲ್ಗುಣದ ಫೈಲು ಮೈಸೂರಿನಿಂದ ಇಲ್ಲಿಗೆ ವರ್ಗವಾಗಿರಲಾರದು ಎಂಬುದು ನನ್ನ ಲೆಕ್ಕಾಚಾರ.

ಬೇಸ್‌ಬಾಲ್ ಗೊತ್ತಿಲ್ಲದಿದ್ದರೆ ಗಾಬರಿಯಾಗಬೇಡಿ. ಚೆಂಡು ಹೊಡೆದವನು ಮೊದಲನೇ ಬೇಸ್ ಎಂಬ ಬಿಳಿಯ ಪುಟ್ಟ ದಿಂಬಿನ ಕಡೆ ಓಡಬೇಕು. ಎದುರಾಳಿ ಎಸೆದ ಚೆಂಡು ಅಲ್ಲಿಗೆ ತಲುಪುವ ಮೊದಲು ಅದರ ಮೇಲೆ ಕಾಲಿಡಬೇಕು. ಹೀಗೆ ಮೂರು ದಿಂಬು ಸುತ್ತಿ ಹೊರಟಲ್ಲಿಗೇ ವಾಪಸು ಬಂದರೆ ಒಂದು ರನ್. ಮೂವರು ಔಟಾದರೆ ಸರದಿ ಮುಗಿಯಿತು. ಇಷ್ಟು ತಿಳಿದರೆ ಸಾಕು, ಎಂಟು ವಾರ ಮೈದಾನಕ್ಕೆ ಹೋದ ಮೇಲೂ ನನಗೆ ತಿಳಿದದ್ದು ಇಷ್ಟೇ.

ಮೊದಲ ಮ್ಯಾಚಿನಲ್ಲೇ ಬಂಗೇರರು ಚೆನ್ನಾಗಿ ಹೊಡೆದರು. ಹೊಡೆದು, ಬ್ಯಾಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿದರು. ದಿಂಬಿಗೆ ಇನ್ನೂ ಎರಡು ಹೆಜ್ಜೆ ಇರುವಾಗ ಸೊಂಟ ಬಗ್ಗಿಸಿ, ಬ್ಯಾಟನ್ನು ಮುಂದೆ ಚಾಚಿ, ಅದರ ತುದಿಯನ್ನು ದಿಂಬಿಗೆ ಮುಟ್ಟಿಸಿ ನೆಮ್ಮದಿಯಾಗಿ ನಿಂತರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಇಡೀ ಮೈದಾನದಲ್ಲಿ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ಎದುರು ತಂಡದವನು ಚೆಂಡು ಹಿಡಿದು ನಿಧಾನವಾಗಿ ಬಂದು ದಿಂಬು ತುಳಿದ, ಅಂಪೈರ್ ಔಟ್ ಕೊಟ್ಟ.

"ಬ್ಯಾಟ್ ಮುಟ್ಟಿದೆಯಲ್ಲ ಮಾರಾಯ್ರೆ! ಕ್ರೀಸಿನ ಒಳಗೇ ಉಂಟಲ್ಲ!" ಎಂದು ಬಂಗೇರರು ಅಂಪೈರಿಗೆ ಕನ್ನಡದಲ್ಲೇ ವಾದ ಹೂಡಿದರು.

ಸ್ವೀ ಆಂಟಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದರು. "ಬ್ಯಾಟ್ ಯಾಕೆ ಹಿಡ್ಕೊಂಡು ಓಡ್ದೆ? ಅದೇನು ಛತ್ರಿನಾ?"

ಕ್ರಿಕೆಟ್ಟಿನಲ್ಲಿ ಬೆಳೆದ ಮೈಗೆ ಆ ಅಭ್ಯಾಸ ಎಷ್ಟು ಗಟ್ಟಿಯಾಗಿ ಕೂತಿರುತ್ತದೆ ಎಂದು ಆಂಟಿಗೆ ಹೇಗೆ ಗೊತ್ತಿರಬೇಕು. ಅವರು ಬಂಗೇರರಿಗೆ ಮನೆಯ ಕಾರಿಡಾರಿನಲ್ಲಿ ಮಡಿಸಿದ ಛತ್ರಿ ಕೊಟ್ಟು, ಅದನ್ನು ಬಿಸಾಡಿ ಲಿಫ್ಟಿನವರೆಗೆ ಓಡುವ ತಾಲೀಮು ಮಾಡಿಸಿದರು. ಪಕ್ಕದ ಮನೆಯ ಅಂಕಲ್ ಎರಡು ದಿನ ನೋಡಿದ. ಮೂರನೇ ದಿನ ಬಾಗಿಲು ಹಾಕಿಕೊಂಡ. ಇಷ್ಟಾದರೂ ಮೈದಾನಕ್ಕೆ ಹೋದರೆ ಬಂಗೇರರ ಮುಷ್ಟಿ ಸಡಿಲಾಗುತ್ತಿರಲಿಲ್ಲ.

ಮೈನಾಸ್ ಮೊದಲ ಭಾನುವಾರ ಸೋತಿತು. ಎರಡನೆಯದೂ ಸೋತಿತು. ಐದನೆಯ ಸೋಲಿನ ಹೊತ್ತಿಗೆ ನನಗೆ ಒಳಗೊಳಗೇ ಅನುಮಾನ ಶುರುವಾಯಿತು. ಆರನೇ ವಾರ ಎಡಗಡೆಯ ಬೆಂಚಿನಲ್ಲಿ ಕೂತು ನೋಡಿದೆ, ಏಳನೇ ವಾರ ನೀಲಿ ಅಂಗಿ ತೊಟ್ಟು ನೋಡಿದೆ. ಒಂದು ಭಾನುವಾರ ಜ್ವರ ಬಂದು ಹೋಗಲಾಗಲಿಲ್ಲ. ಈಗ ಸತ್ಯ ಹೊರಬೀಳುತ್ತದೆ ಎಂದು ಹಾಸಿಗೆಯಲ್ಲೇ ಕಾದೆ. ಅವತ್ತು ಮಳೆ ಸುರಿದು ಮ್ಯಾಚೇ ರದ್ದಾಯಿತು. ನಾನು ಹೋಗಿ ಕೂತ ಎಂಟು ಮ್ಯಾಚುಗಳಲ್ಲಿ ಎಂಟೂ ಸೋಲು. ಮೂರು ಸಲಕ್ಕೇ ನಿಯಮ ಬರೆದ ಅಪ್ಪ ಎಂಟು ಸಲಕ್ಕೆ ಏನು ಬರೆಯುತ್ತಿದ್ದರೋ. ಈ ವಿಷಯವನ್ನು ನಾನು ಆಂಟಿಗಾಗಲೀ ಬಂಗೇರರಿಗಾಗಲೀ ಹೇಳಲಿಲ್ಲ. ಹೇಳಿದರೆ ಇಲ್ಲಿಯೂ ನನ್ನನ್ನು ಅಡುಗೆಮನೆಗೆ ಕಳಿಸುತ್ತಾರೆಂಬ ಹೆದರಿಕೆ.

ಕೊನೆಯ ಮ್ಯಾಚು ಬಂತು. ಇಡೀ ವರ್ಷದಲ್ಲಿ ಒಂದನ್ನೂ ಗೆಲ್ಲದ ತಂಡಕ್ಕೆ ಮುಂದಿನ ವರ್ಷ ಲೀಗಿನಲ್ಲಿ ಜಾಗವಿಲ್ಲ ಎಂದು ಮೊದಲೇ ತಿಳಿಸಿದ್ದರು. ಇದನ್ನು ಸೋತರೆ ಮೈನಾಸ್ ಮುಗಿಯಿತು. ಆಟಗಾರರಿಗೆ ಹಂಚಲು ಪ್ರತಿ ವಾರ ಒಂದು ಚೀಲ ಕಿತ್ತಳೆ ತರುತ್ತಿದ್ದ ಆಂಟಿ ಅವತ್ತು ಎರಡು ಚೀಲ ತಂದಿದ್ದರು. ಒಂದು ಆಟಕ್ಕೆ, ಇನ್ನೊಂದು ವಿದಾಯಕ್ಕೆ ಎಂದು ನನಗೆ ಅನ್ನಿಸಿತು.

ಕೊನೆಯ ಸರದಿಗೆ ನಮ್ಮವರು ಬ್ಯಾಟ್ ಹಿಡಿಯುವ ಹೊತ್ತಿಗೆ ಎದುರು ತಂಡ ಆರು, ನಾವು ಎರಡು. ನಾನು ಎದ್ದೆ. "ಹೊಟ್ಟೆ ಸರಿ ಇಲ್ಲ" ಎಂದು ಯಾರಿಗೋ ಹೇಳಿ, ಎರಡನೇ ಚೀಲದ ಕಿತ್ತಳೆಯನ್ನೂ ಎತ್ತಿಕೊಂಡು, ಮೈದಾನದ ಹಿಂದಿದ್ದ ಫ್ಲ್ಯಾಟುಗಳ ಕೆಳಗೆ, ವಾಯ್ಡ್ ಡೆಕ್ಕಿಗೆ ಹೋದೆ. ಅಲ್ಲಿ ಒಂದು ಕಲ್ಲುಮೇಜಿನೆದುರು ಗೋಡೆಗೆ ಮುಖ ಮಾಡಿ ಕೂತು ಹಣ್ಣು ಸುಲಿಯತೊಡಗಿದೆ. ಯಾರೂ ನನ್ನನ್ನು ಕಳಿಸಿರಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ನಾನೇ ಎದ್ದು ಬಂದಿದ್ದೆ. ಕಳಿಸಿಕೊಂಡು ಹೋಗುವುದಕ್ಕಿಂತ ಇದು ಹೆಚ್ಚು ನೋಯಿಸಿತು.

ಕಿವಿ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ಟಣ್ ಎಂದು ಬ್ಯಾಟಿನ ಸದ್ದು, ಒಂದು ಕೂಗು. ಒಂದು ರನ್ನಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೂ ದೊಡ್ಡ ಕೂಗು, ಆಂಟಿಯ ಸೀಟಿ. ಎರಡು, ಮೂರು. ಮೌನ. ಔಟು. ಮತ್ತೆ ಮೌನ, ಇನ್ನೊಂದು ಔಟು. ಆಮೇಲೆ ಎಲ್ಲರೂ ಒಟ್ಟಿಗೆ ಕಿರುಚಿದರು. ನಾಲ್ಕು! ಆರಕ್ಕೆ ಆರು! ನನ್ನ ಮುಂದೆ ಸುಲಿದ ಕಿತ್ತಳೆಯ ಗುಡ್ಡೆ. ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಎದ್ದು ಬಂದದ್ದೇ ತಡ, ಅವರು ಆಡತೊಡಗಿದ್ದರು. ಅಪ್ಪನ ನಿಯಮ ಸಮುದ್ರ ದಾಟಿ ಬಂದು ಮತ್ತೊಮ್ಮೆ ಸಾಬೀತಾಗಿತ್ತು.

ಅಷ್ಟರಲ್ಲಿ ಸೈರನ್ ಕೂಗಿತು. ಸಿಂಗಪುರದ ಮೈದಾನಗಳಲ್ಲಿ ಸಿಡಿಲಿನ ಎಚ್ಚರಿಕೆಗೆಂದು ಒಂದು ಸೈರನ್ ಇರುತ್ತದೆ. ಅದು ಕೂಗಿದರೆ ಎಂಥ ಆಟವಾದರೂ ನಿಲ್ಲಿಸಿ ಎಲ್ಲರೂ ಸೂರಿನ ಕೆಳಗೆ ಓಡಬೇಕು. ಹತ್ತಿರದಲ್ಲಿದ್ದ ಸೂರು ನನ್ನದೊಂದೇ. ನಾನು ಯಾರಿಗೆ ಕಾಣಬಾರದೆಂದು ಅಡಗಿದ್ದೆನೋ ಅವರೆಲ್ಲ, ಎರಡು ತಂಡ, ಅಂಪೈರು, ಬ್ಯಾಟಿನ ಚೀಲ, ಐಸಿನ ಪೆಟ್ಟಿಗೆ ಸಮೇತ ನನ್ನ ಮೇಲೇ ಬಂದು ಬಿದ್ದರು.

"ಎಲ್ಲಿದ್ದೀರಿ ಮಾರಾಯ್ರೆ ನೀವು?" ಬಂಗೇರರು ಏದುಸಿರು ಬಿಡುತ್ತಿದ್ದರು. "ನಾಲ್ಕು ರನ್! ಸಮ ಸಮ ಆಯ್ತು! ಮೂರನೇ ಬೇಸಲ್ಲಿ ನಮ್ಮವ ನಿಂತಿದ್ದ, ಇನ್ನು ಬ್ಯಾಟಿಂಗ್ ನಂದು. ನೀವು ಹೋದದ್ದೇ ಹೋದದ್ದು, ಒಂದರ ಹಿಂದೆ ಒಂದು ಹೊಡೆದರು!"

"ಅದಕ್ಕೇ ಹೋಗಿದ್ದು" ಎಂದೆ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಚೀಲ ಕೆಳಗಿಟ್ಟ ಮಧ್ಯಾಹ್ನದಿಂದ ಹಿಡಿದು ಅವರೆಕಾಯಿಯವರೆಗೆ ಎಲ್ಲವನ್ನೂ ಹೇಳಿದೆ. ಬಂಗೇರರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರ ಮುಖದಲ್ಲಿ ಸ್ನೇಹಕ್ಕೂ ಸ್ಕೋರಿಗೂ ಜಗಳ ನಡೆಯುತ್ತಿತ್ತು.

"ನಂಗೆ ಇಂಥದ್ರಲ್ಲೆಲ್ಲ ನಂಬಿಕೆ ಇಲ್ಲ" ಎಂದರು ಕೊನೆಗೆ. "ಆದ್ರೂ ನೀವು ಒಂದ್ ಹತ್ತು ನಿಮಿಷ ಇ‌ಲ್ಲೇ ಕೂತಿರಿ, ಆಯ್ತಾ? ಬೇಜಾರ್ ಮಾಡ್ಬೇಡಿ."

"ಇವನು ಏನು ಹೇಳ್ತಿದಾನೆ?" ಎಂದು ಆಂಟಿ ನಡುವೆ ಬಂದರು. ಕಾಲ್ಗುಣವನ್ನು ಇಂಗ್ಲಿಷಿನಲ್ಲಿ ಹೇಳುವುದು ಸುಲಭವಲ್ಲ. ನನ್ನ ಕಾಲು ಸರಿಯಿಲ್ಲ ಎಂದೆ. ಅವರು ಬಗ್ಗಿ ನನ್ನ ಕಾಲನ್ನು ನೋಡಿ, "ಡಾಕ್ಟರಿಗೆ ತೋರಿಸಿದ್ಯಾ?" ಎಂದರು. ಮತ್ತೆ ಮೊದಲಿನಿಂದ ಬಿಡಿಸಿ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಹುಬ್ಬು ಟೋಪಿಯೊಳಗೆ ಹೋಯಿತು.

"ಅಂದ್ರೆ ಎಂಟು ಮ್ಯಾಚೂ ನಿನ್ನಿಂದ ಸೋತ್ವಿ? ನೀನು ಬೆಂಚಿನ ಮೇಲೆ ಕೂತು ನಮ್ಮನ್ನ ಸೋಲಿಸಿದ್ಯಾ? ನಾನು ಮೂವತ್ತು ವರ್ಷ ಕೋಚಿಂಗ್ ಮಾಡಿದೀನಿ. ಇವರಿಗೆ ಕ್ಯಾಚ್ ಹಿಡಿಯೋಕೆ ಬರಲ್ಲ, ಅದಕ್ಕೆ ಸೋತ್ವಿ. ಸುಮ್ನೆ ಕೂತೇ ಮ್ಯಾಚ್ ಬದಲಾಯಿಸೋ ಅಷ್ಟು ಪವರ್ ನಿನಗಿದ್ರೆ, ನನ್ನ ಮನೇಲಿ ಬಾಡಿಗೆ ರೂಮಲ್ಲಿ ಯಾಕೆ ಇದ್ದೀಯ ಲಾ?"

ಎರಡೂ ತಂಡದವರು ನಕ್ಕರು. ನನಗೆ ಅವಮಾನವಾಯಿತು. ಜೊತೆಗೆ, ಹೇಳಿದರೆ ನಂಬುತ್ತೀರೋ ಇಲ್ಲವೋ, ಎದೆ ಹಗುರವಾಯಿತು. ಇಷ್ಟು ವರ್ಷ ನಾನು ಶಾಪವೆಂದು ಹೊತ್ತುಕೊಂಡು ತಿರುಗಿದ್ದು ಒಂದು ಬಗೆಯ ಜಂಭವೂ ಆಗಿರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಹನ್ನೊಂದು ಜನ ಬಿಸಿಲಲ್ಲಿ ಓಡಿ, ಬಿದ್ದು, ಬೆವರಿ ಸೋತ ಸೋಲನ್ನೂ ನಾನು ನನ್ನ ಹೆಸರಿಗೆ ಬರೆದುಕೊಂಡಿದ್ದೆ.

ಆದರೂ ಹೆದರಿಕೆ ಹೋಗಲಿಲ್ಲ. ಇಲ್ಲೇ ಕೂತಿರುತ್ತೇನೆ ಎಂದೆ. ಆಂಟಿ ಒಪ್ಪಲಿಲ್ಲ. ಮೊದಲನೇ ಬೇಸಿನ ಪಕ್ಕ ನಿಂತು ಓಡುವವರಿಗೆ ಕೂಗಿ ಹೇಳಬೇಕಾದ ನಮ್ಮವನೊಬ್ಬ ಶಿಫ್ಟ್‌ಗೆ ಹೊತ್ತಾಯಿತೆಂದು ಹೊರಟುಹೋಗಿದ್ದ. "ನೀನು ಹೋಗಿ ಅಲ್ಲಿ ನಿಂತ್ಕೋ. ನಾನು ಕೂಗಿದ್ರೆ ಈ ಬಂಗೇರನಿಗೆ ಕೇಳಿಸೋದೇ ಇಲ್ಲ. ನಿಮ್ಮ ಭಾಷೇಲಿ ಕೂಗು. ಬ್ಯಾಟ್ ಬಿಡು ಅನ್ನು. ಅಷ್ಟೇ ನಿನ್ನ ಕೆಲಸ."

ನಲವತ್ತು ನಿಮಿಷ ಕಾದೆವು. ಆಕಾಶ ಗುಡುಗಿತೇ ಹೊರತು ಒಂದು ಹನಿ ಬೀಳಲಿಲ್ಲ. ನಾನು ಸುಲಿದಿಟ್ಟ ಹಣ್ಣನ್ನೆಲ್ಲ ಎರಡೂ ತಂಡದವರು ಸೇರಿ ತಿಂದು ಮುಗಿಸಿದರು. ಆಟ ಮತ್ತೆ ಶುರು ಮಾಡಬಹುದು ಎಂಬ ಸೈರನ್ ಬಂದಾಗ ನಾನು ಜೀವನದಲ್ಲಿ ಮೊದಲ ಸಲ, ನೋಡುವ ಕೋಣೆಗಿಂತಲೂ ಮುಂದೆ, ಆಟದ ಅಂಗಳಕ್ಕೇ ಕಾಲಿಟ್ಟೆ.

ಆಗಿನ ಲೆಕ್ಕ ಹೀಗಿತ್ತು. ಮೂರನೇ ಬೇಸಿನಲ್ಲಿರುವ ನಮ್ಮವನು ಓಡಿ ವಾಪಸು ಬಂದರೆ ಏಳನೇ ರನ್, ಗೆಲುವು. ಆದರೆ ಈಗಾಗಲೇ ಇಬ್ಬರು ಔಟಾಗಿದ್ದರು. ಬಂಗೇರರು ಮೊದಲನೇ ಬೇಸಿಗೆ ತಲುಪುವ ಮುಂಚೆ ಚೆಂಡು ತಲುಪಿದರೆ ಅವರು ಮೂರನೆಯ ಔಟು, ಆ ರನ್ನು ಲೆಕ್ಕಕ್ಕೇ ಇಲ್ಲ. ಎಲ್ಲವೂ ಬಂಗೇರರ ಕಾಲಿನ ಮೇಲೆ ನಿಂತಿತ್ತು. ಅವರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ "ಇನ್ನೂ ಹೊತ್ತಿದೆ, ಹೋಗಿಬಿಡಿ" ಎಂಬುದಿತ್ತು. ನಾನು ನೋಡದವನ ಹಾಗೆ ನಿಂತೆ.

ಮೊದಲ ಚೆಂಡಿಗೇ ಬೀಸಿದರು. ಸರಿಯಾಗಿ ತಗಲಲಿಲ್ಲ. ಚೆಂಡು ಹುಲ್ಲಿನ ಮೇಲೆ ಉದಾಸೀನವಾಗಿ ಉರುಳುತ್ತಾ ಹೋಯಿತು. ಬಂಗೇರರು ಓಡಿದರು, ಬ್ಯಾಟು ಕೈಯಲ್ಲೇ ಇತ್ತು.

"ಬ್ಯಾಟ್ ಬಿಡ್ರೀ! ಬಂಗೇರ್ರೇ, ಬ್ಯಾಟ್ ಬಿಡ್ರೀ!"

ಬಿಡಲಿಲ್ಲ. ಎದುರಾಳಿ ಚೆಂಡು ಹೆಕ್ಕಿಕೊಂಡ. ಬಂಗೇರರ ಸೊಂಟ ಬಗ್ಗತೊಡಗಿತು. ಆ ಬಗ್ಗುವಿಕೆ ನನಗೆ ಗೊತ್ತು, ಅದಕ್ಕೆ ನಾನು ಒಮ್ಮೆ ಎದ್ದು ನಿಂತು ಚಪ್ಪಾಳೆ ತಟ್ಟಿದ್ದೆ. ಮೈಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದೆ. "ಕಾಲು! ಕಾಲಿಡಿ ಮಾರಾಯ್ರೇ, ಕಾಲು!"

ಮೈಸೂರಿನ ನನ್ನ ಬಾಯಿಂದ ಆ "ಮಾರಾಯ್ರೇ" ಅದುವರೆಗೆ ಬಂದಿರಲಿಲ್ಲ. ಅದು ಅವರ ಕಿವಿಯ ಯಾವ ಬಾಗಿಲು ತೆರೆಯಿತೋ ಏನೋ. ಅವರು ಬ್ಯಾಟನ್ನು ಎಸೆದೇಬಿಟ್ಟರು. ಅದು ಹಾರಿ ಬಂದು ನೇರವಾಗಿ ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಬಿತ್ತು. ಕಣ್ಣಲ್ಲಿ ನೀರು ಚಿಮ್ಮಿತು, ಆದರೆ ಕಣ್ಣು ಮುಚ್ಚಲಿಲ್ಲ. ಆ ನೀರಿನ ನಡುವೆಯೇ ನೋಡಿದೆ. ಬಂಗೇರರ ಎಡಗಾಲು, ಬಲಗಡೆಗೆ ಸವೆದ ಹಿಮ್ಮಡಿಯ ಬೂಟು, ಬಿಳಿಯ ದಿಂಬಿನ ಮೇಲೆ ಪಟ್ಟೆಂದು ಕೂತಿತು. ಆಮೇಲೆ, ಒಂದು ಕಣ್ಣುರೆಪ್ಪೆಯಷ್ಟು ಆಮೇಲೆ, ಚೆಂಡು ಎದುರಾಳಿಯ ಗ್ಲೌಸಿಗೆ ಬಿದ್ದ ಸದ್ದು ಕೇಳಿತು. ಅಂಪೈರ್ ಔಟಲ್ಲ ಎಂದು ಎರಡೂ ಕೈ ಅಗಲಿಸಿದ.

ಉಳಿದವರೆಲ್ಲ ಆ ಕಡೆ, ಏಳನೇ ರನ್ ಓಡಿ ಬಂದವನನ್ನು ನೋಡುತ್ತಾ ಕುಣಿಯುತ್ತಿದ್ದರು. ಗೆಲುವು ಅಲ್ಲಿ ಆಗಿರಲಿಲ್ಲ, ಇಲ್ಲಿ ಆಗಿತ್ತು. ಅದನ್ನು ಕಂಡವರು ಮೂವರೇ: ಅಂಪೈರು, ಎದುರಾಳಿ, ನಾನು. ಒಂಟಿಕಾಲಲ್ಲಿ ಕುಣಿಯುತ್ತಾ ನಾನು ಜೋರಾಗಿ ಅತ್ತೆ. ನಾನು ನೋವಿಗೆ ಅಳುತ್ತಿದ್ದೇನೆ ಎಂದುಕೊಂಡು ಎದುರಾಳಿ ಹುಡುಗ, ಪಾಪ, ಕೈಯಲ್ಲಿದ್ದ ಚೆಂಡನ್ನು ನನಗೇ ಕೊಟ್ಟ. ನನ್ನ ಕೈಗೆಲ್ಲ ಕಿತ್ತಳೆ ಸಿಪ್ಪೆಯ ಎಣ್ಣೆ ಅಂಟಿತ್ತು.

ಬಂಗೇರರು ಬಂದು ತಬ್ಬಿಕೊಂಡು, ಊದುತ್ತಿದ್ದ ನನ್ನ ಬೆರಳನ್ನು ನೋಡಿ, "ಇನ್ನು ಎಂತ ಹೆದರಿಕೆ ಇಲ್ಲ ಮಾರಾಯ್ರೆ. ಬ್ಯಾಟಲ್ಲೇ ದೃಷ್ಟಿ ತೆಗೆದಾಯ್ತು" ಎಂದರು. ಆಂಟಿ ಪೆಟ್ಟಿಗೆಯಿಂದ ಐಸ್ ತಂದು ಕಟ್ಟುತ್ತಾ, "ಈಗ ನಿಜವಾಗ್ಲೂ ನಿನ್ನ ಕಾಲು ಸರಿ ಇಲ್ಲ" ಎಂದರು. ಮೈನಾಸ್ ಮುಂದಿನ ವರ್ಷವೂ ಲೀಗಿನಲ್ಲಿ ಉಳಿಯಿತು, ಮೂರು ಮ್ಯಾಚು ಗೆದ್ದಿತು. ಆಂಟಿಗೆ ಈಗ ಎಪ್ಪತ್ತೇಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೀಟಿ ಊದುತ್ತಾರೆ ಎಂದು ಬಂಗೇರರು ಆಗಾಗ ಮೆಸೇಜ್ ಮಾಡುತ್ತಿರುತ್ತಾರೆ.

ಅವತ್ತೇ ಸಂಜೆ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ನಾನು ಅಲ್ಲೇ ನಿಂತಿದ್ದೆ, ಆದರೂ ಗೆದ್ದರು ಎಂದು ಎರಡೆರಡು ಸಲ ಹೇಳಿದೆ. ಅಪ್ಪ ಗಮನವಿಟ್ಟು ಕೇಳಿದರು. "ಸಂತೋಷ ಕಣೋ. ಆದ್ರೆ ಅದು ಬೇರೆ ಆಟ. ಆ ಪ್ರಯೋಗದ ಫಲಿತಾಂಶ ಕ್ರಿಕೆಟ್ಟಿಗೆ ಅನ್ವಯಿಸಲ್ಲ" ಎಂದರು. ನಾನು ನಕ್ಕು ಫೋನ್ ಇಟ್ಟೆ. ಇಟ್ಟ ಮೇಲೆ ಬಹಳ ಹೊತ್ತು ನಗು ಬರಲಿಲ್ಲ.

ಆಮೇಲಿನ ಹನ್ನೊಂದು ವರ್ಷ ನಾನು ಕಂಡುಕೊಂಡ ದಾರಿ ಸುಳ್ಳಿನದು. ಮ್ಯಾಚು ಬಿಗಿಯಾದಾಗ ಅಪ್ಪ ಮೈಸೂರಿನ ಅಣ್ಣನ ಮನೆಯಿಂದ ಫೋನ್ ಮಾಡುತ್ತಾರೆ. "ಟಿ.ವಿ. ಹಾಕಿಲ್ಲ ತಾನೆ?" ನಾನು, "ಇಲ್ಲಪ್ಪ, ತರಕಾರಿ ಹೆಚ್ತಿದೀನಿ" ಎನ್ನುತ್ತೇನೆ. ಅದಕ್ಕೇ ನಮ್ಮ ಮನೆಯ ಟಿ.ವಿ. ಮೂಕ.

ಕಳೆದ ಭಾನುವಾರ, ಚೆಂಡು ನನ್ನ ಕೈಯಲ್ಲಿದ್ದಾಗಲೇ ಫೋನ್ ಬಂತು. ಕೊನೆಯ ಎರಡು ಓವರು, ಇಪ್ಪತ್ತಮೂರು ರನ್ ಬೇಕಿತ್ತು. ಅಪ್ಪನಿಗೆ ಈಗ ಎಂಬತ್ತನಾಲ್ಕು, ದನಿ ತೆಳ್ಳಗಾಗಿದೆ.

"ಟಿ.ವಿ. ಹಾಕಿಲ್ಲ ತಾನೆ?"

ಮಗಳು ನನ್ನನ್ನೇ ನೋಡುತ್ತಿದ್ದಳು. ಮುಂದೆ ಬರುವ ತರಕಾರಿಯ ಮಾತು ಅವಳಿಗೆ ಬಾಯಿಪಾಠ. ನಾನು ಚೆಂಡನ್ನು ಬಿಗಿಯಾಗಿ ಹಿಡಿದುಕೊಂಡೆ.

"ಹಾಕಿದೀನಿ ಅಪ್ಪ. ಮೊದಲನೇ ಓವರಿಂದ ನೋಡ್ತಿದೀನಿ."

ಆ ಕಡೆ ಅಣ್ಣನ ಮನೆಯ ಕುಕ್ಕರ್ ಒಮ್ಮೆ ಕೂಗಿತು. ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡೆ.

"ಮೊದಲನೇ ಓವರಿಂದಾನಾ?"

"ಹೂಂ ಅಪ್ಪ."

"ಮಧ್ಯದಲ್ಲಿ ಎಲ್ಲೂ ಎದ್ದಿಲ್ವಾ?"

"ಇಲ್ಲ. ಇದೇ ಸೋಫಾ, ಇದೇ ಮೂಲೆ."

ಅಪ್ಪ ಯೋಚಿಸಿದರು. ಆಮೇಲೆ ತರಗತಿಯಲ್ಲಿ ಆಡುವ ದನಿಯಲ್ಲಿ ಹೇಳಿದರು. "ಹಾಗಾದ್ರೆ ಇನ್ನು ಎದ್ದುಗಿದ್ದೀಯಾ, ಹುಷಾರ್! ಕೂತಲ್ಲೇ ಕೂತಿರು. ಫೋನೂ ಇಡ್ಬೇಡ."

ಒಳಗಿನಿಂದ ಹೆಂಡತಿ ಹಾಲು ಉಕ್ಕುತ್ತಿದೆ ಎಂದು ಕೂಗಿದಳು. ಏಳಲಿಲ್ಲ. ಕಾಲು ಜೋಮು ಹಿಡಿಯಿತು. ಏಳಲಿಲ್ಲ. ಆರು ರನ್ ಬೇಕಾಗಿ ಕೊನೆಯ ಚೆಂಡು ಉಳಿಯಿತು. ಇಲ್ಲಿಯ ಟಿ.ವಿ.ಗೆ ಚಿತ್ರ ಬರುವುದು ಅಲ್ಲಿಗಿಂತ ಏಳೆಂಟು ಸೆಕೆಂಡ್ ತಡ. ನನ್ನ ಪರದೆಯಲ್ಲಿ ಬೌಲರ್ ಇನ್ನೂ ಪ್ಯಾಂಟಿಗೆ ಚೆಂಡು ಒರೆಸುತ್ತಿದ್ದ. ಫೋನಿನಲ್ಲಿ ದೊಡ್ಡ ಕೂಗೆದ್ದಿತು, ಅದರ ಹಿಂದೆಯೇ ಬೆತ್ತದ ಕುರ್ಚಿ ಕರ್ರೆಂದು ಹಿಂದೆ ಸರಿಯಿತು. ಏನಾಯಿತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೋಡಿದ್ಯೇನೋ?" ಅಪ್ಪನ ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಇನ್ನೂ ಇಲ್ಲಿಗೆ ಬಂದಿಲ್ಲ ಅಪ್ಪ."

"ತಡಿ, ಬರುತ್ತೆ" ಎಂದರು. ಫೋನ್ ಇಡದೆ, ಮತ್ತೇನೂ ಹೇಳದೆ, ನನ್ನ ಜೊತೆ ಕಾದರು.